ಹುಟ್ಟಿನ ಹಕ್ಕು, ಅಪ್ಪನ ಸಾಲ

ಭೀಮಾ ತೀರದ ಸೊನ್ನದಂಥ ಊರುಗಳಲ್ಲಿ ಆಸ್ತಿ ಎಂದರೆ ಇಂದಿಗೂ ಮೊದಲು ನೆನಪಾಗುವುದು ಹೊಲವೇ. ಹೊಲವಿರುವ ಮನೆಗೆ ಎರಡು ಭಯಗಳಿರುತ್ತವೆ. ಅಪ್ಪ ಬದುಕಿರುವಾಗಲೇ ಎಲ್ಲವನ್ನೂ ಕಳೆದುಬಿಟ್ಟರೆ ಮಕ್ಕಳ ಗತಿಯೇನು ಎಂಬುದು ಒಂದು. ಹೊಲದ ಬದಲು ಅಪ್ಪನ ಸಾಲವೇ ಅವರ ಪಾಲಿಗೆ ಬಂದರೇನು ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕಿದ, ಭಾರತದ ಬಹುಭಾಗ ಒಪ್ಪಿಕೊಂಡ ಗ್ರಂಥವೊಂದು ಇದೇ ಸೀಮೆಯಲ್ಲಿ ಹುಟ್ಟಿತು. ಅದೇ ವಿಜ್ಞಾನೇಶ್ವರನ ‘ಮಿತಾಕ್ಷರಾ’.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ರಚಿತವಾದ ಈ ಗ್ರಂಥ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಗ್ರಂಥಕರ್ತ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಹೇಳುವುದುಂಟು.

ವಿಜ್ಞಾನೇಶ್ವರನ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ತಂದೆ ಸಾಯುವವರೆಗೆ ಕಾಯಬೇಕಿಲ್ಲ. ಒಡವೆ ವಸ್ತುಗಳನ್ನು ತಂದೆ ಪ್ರೀತಿಯಿಂದ ಯಾರಿಗಾದರೂ ಕೊಡಬಹುದು. ಆದರೆ ಹೊಲ ಮನೆಗಳನ್ನು ಮನಬಂದಂತೆ ಮಾರುವಂತಿಲ್ಲ. ಹುಟ್ಟಿದವರಿಗೆ ಮಾತ್ರವಲ್ಲ, ಇನ್ನೂ ಹುಟ್ಟಬೇಕಾದವರಿಗೂ ಬದುಕಿನ ಆಸರೆ ಬೇಕೆಂಬುದು ಇದರ ಹಿಂದಿನ ವಿಚಾರ. ಕುಟುಂಬಕ್ಕೆ ಆಪತ್ತು ಬಂದಾಗ, ಸಂಸಾರದ ಪೋಷಣೆಗೆ, ತಪ್ಪಿಸಲಾಗದ ಧರ್ಮಕಾರ್ಯಕ್ಕೆ ಮಾತ್ರ ವಿನಾಯಿತಿಯುಂಟು. ಬಂಗಾಳದಲ್ಲಿ ಮಾನ್ಯವಾದ ಜೀಮೂತವಾಹನನ ‘ದಾಯಭಾಗ’ ಇದನ್ನು ಒಪ್ಪಲಿಲ್ಲ. ಅಲ್ಲಿ ಮಗನ ಹಕ್ಕು ತಂದೆಯ ಮರಣಾನಂತರವೇ.

ಸಾಲದ ವಿಷಯದಲ್ಲೂ ಮಿತಿಯಿತ್ತು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ಸ್ಮೃತಿಗಳು ಹೇಳುತ್ತವೆ. ಆದರೆ ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲ ಮಗನಿಗೆ ಅಂಟದು. ಮೊಮ್ಮಗ ಬಡ್ಡಿಯನ್ನು ಕೊಡಬೇಕಿಲ್ಲ, ಅಸಲು ತೀರಿಸಿದರೆ ಸಾಕು. ತಪ್ಪು ಹಿರಿಯರದಾದರೆ ದಂಡ ಕಿರಿಯರಿಗೆ ಬೀಳಬಾರದೆಂಬ ವಿವೇಕ ಇಲ್ಲಿದೆ.

1810ರಲ್ಲಿ ಕೋಲ್‌ಬ್ರೂಕ್ ಈ ಗ್ರಂಥದ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಕಲ್ಯಾಣದ ಪಂಡಿತನ ಮಾತು ಬ್ರಿಟಿಷ್ ನ್ಯಾಯಾಲಯಗಳ ಕಾನೂನಾಯಿತು. ಅದರೊಂದಿಗೆ ಅದರ ಕೊರತೆಯೂ ಉಳಿಯಿತು. ತಂದೆಯ ದುಂದಿನಿಂದ ಮಗನನ್ನು ಕಾಪಾಡಿದ ಬೇಲಿಯೇ ಮಗಳನ್ನು ಹೊರಗಿಟ್ಟಿತ್ತು. ಅವಿವಾಹಿತ ಹೆಣ್ಣುಮಗಳಿಗೆ ವಿಭಾಗದ ಹೊತ್ತಿನಲ್ಲಿ ಒಂದು ಅಂಶ ಕೊಡಬೇಕೆಂದಿದ್ದರೂ, ಹುಟ್ಟಿನ ಹಕ್ಕು ಅವಳಿಗೆ ಇರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಆ ಬೇಲಿಯನ್ನು ಪೂರ್ತಿ ಕಿತ್ತುಹಾಕಲಿಲ್ಲ. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. ಆ ಭೇದವನ್ನು ತೊಡೆದದ್ದು 2005ರ ಕೇಂದ್ರ ತಿದ್ದುಪಡಿ. ಮುಂದೆ ಮಾಡುವ ಸಾಲಗಳಿಗೆ ಧರ್ಮದ ಹೆಸರಿನಲ್ಲಿ ಮಕ್ಕಳನ್ನು ಹೊಣೆ ಮಾಡುವುದನ್ನೂ ಅದೇ ಕಾಯ್ದೆ ನಿಲ್ಲಿಸಿತು. ಮಗಳ ಹಕ್ಕೂ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಹೀಗೆ ವಿಜ್ಞಾನೇಶ್ವರನ ತತ್ತ್ವ ಮಗಳವರೆಗೆ ತಲುಪಲು ಸುಮಾರು ಒಂಬತ್ತು ಶತಮಾನ ಬೇಕಾಯಿತು. ಕಾನೂನು ಕೊಟ್ಟರೂ ‘ತವರು ಮುನಿಸಿಕೊಂಡೀತು’ ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಹೊಲ ಯಾರದೆಂದು ಶಾಸ್ತ್ರ ಹೇಳಬಲ್ಲದು. ಅದನ್ನು ಮನಸ್ಸು ಮುರಿಯದಂತೆ ಹಂಚುವ ಕೆಲಸ ಮಾತ್ರ ಮನೆಯ ಹಿರಿಯರದು.