ಗಣಕಯಂತ್ರದ ವೇಳೆಯ ಕಟ್ಟು

ಯಲ್ಲಾಪುರದಿಂದ ಘಟ್ಟವಿಳಿದು ಕಾರವಾರಕ್ಕೆ ಹೋಗುವ ಒಂದು ಮಾರ್ಗವು ಕಾಳೀನದಿಯ ತೀರದ ಕೈಗಾ ಗ್ರಾಮವನ್ನು ಮುಟ್ಟುವದು. ಅಲ್ಲಿಯ ಅಣುವಿದ್ಯುತ್ ಕೇಂದ್ರದ ಒಂದನೆಯ ಘಟಕವು 2018ನೆಯ ಇಸವಿಯ ಡಿಸೆಂಬರ 31ರಂದು ವಿಶ್ರಾಂತಿಗೆ ನಿಂತಾಗ, ಸತತವಾಗಿ 962 ದಿನ ನಡೆದು ಆ ಕಾಲದ ಜಾಗತಿಕ ದಾಖಲೆಯನ್ನು ತನ್ನದಾಗಿ ಮಾಡಿಕೊಂಡಿತ್ತು. ಇಂಥ ಸ್ಥಳದಲ್ಲಿ ಯಂತ್ರವನ್ನು ನಿಲ್ಲಿಸೆಂಬ ಆಜ್ಞೆಯು ಗೊತ್ತುಪಡಿಸಿದ ಕ್ಷಣದೊಳಗೆ ನೆರವೇರಲೇಬೇಕು. ತಡವಾಗಿ ಬಂದ ಸರಿಯುತ್ತರವು ತಪ್ಪುತ್ತರಕ್ಕೆ ಸಮಾನವು. ಅದೇ ಯಲ್ಲಾಪುರ ಪೇಟೆಯಲ್ಲಿ ಅಡಿಕೆಯ ಲೆಕ್ಕ ಬರೆಯುವ ಗುಮಾಸ್ತನ ಗಣಕಯಂತ್ರವು ಅರೆಕ್ಷಣ ತಡೆದು ಉತ್ತರ ಕೊಟ್ಟರೆ ಯಾರಿಗೂ ಕೇಡಿಲ್ಲ. ಮೊದಲನೆಯದಕ್ಕೆ ಬೇಕಾದ ಕಾಲನಿಷ್ಠೆಯನ್ನು ಎರಡನೆಯದಕ್ಕೂ ತೊಡಿಸಿದರೆ ಲಾಭವುಂಟೇ ಎಂಬದು ಈಗಿನ ಪ್ರಶ್ನೆಯು.

ಗಣಕಯಂತ್ರದ ಎಲ್ಲ ಕೆಲಸಗಳಿಗೂ ಸರದಿ ಹಂಚುವ ಒಳಗಿನ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು. ಅದರಲ್ಲಿ ‘ರಿಯಲ್‌ಟೈಮ್’ ಎಂಬ ಬಗೆಯದು ಹೆಚ್ಚು ವೇಗದ್ದೆಂದು ಹಲವರು ತಿಳಿಯುವದುಂಟು. ಇದು ಭ್ರಮೆಯು. ಅದರ ಗುಣವು ವೇಗವಲ್ಲ, ನಿಶ್ಚಿತತೆಯು: ಎಷ್ಟೇ ಕಷ್ಟ ಬಂದರೂ ಇಂತಿಷ್ಟು ಹೊತ್ತಿಗಿಂತ ಹೆಚ್ಚು ತಡವಾಗದೆಂಬ ಭರವಸೆಯು.

ಈ ವಿಚಾರದ ಬೆಲೆಯು 1969ರ ಜುಲೈ 20ರಂದು ಚಂದ್ರನ ಮೇಲೆ ಪ್ರಕಟವಾಯಿತು. ಅಪೋಲೋ 11ರ ಇಳಿಯುವ ನೌಕೆಯ ಗಣಕಯಂತ್ರಕ್ಕೆ ಕೆಲಸದ ಹೊರೆ ಮಿತಿಮೀರಿ, 1202 ಎಂಬ ಎಚ್ಚರಿಕೆಯ ಅಂಕಿಯು ಮೂಡಿತು. ಆದರೆ ಅದರ ಕ್ರಮವಿಧಿಯು ಕಡಿಮೆ ಮಹತ್ವದ ಕೆಲಸಗಳನ್ನು ಬದಿಗೆ ಸರಿಸಿ, ನೌಕೆಯನ್ನು ಇಳಿಸುವ ಮುಖ್ಯಕಾರ್ಯವನ್ನು ಕೈಬಿಡದೆ ನಡೆಸಿತು. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ವಿದ್ವಾಂಸರು ಇಂಥ ಸರದಿಗೆ ಗಣಿತದ ಆಧಾರವನ್ನು ಒದಗಿಸಿದರು. ಆದರೂ 1997ರಲ್ಲಿ ಮಂಗಳಗ್ರಹದಲ್ಲಿಳಿದ ಪಾತ್‌ಫೈಂಡರ್ ನೌಕೆಯ ಗಣಕಯಂತ್ರವು ಮತ್ತೆ ಮತ್ತೆ ತನ್ನನ್ನು ತಾನೇ ಪುನರಾರಂಭಿಸಿಕೊಳ್ಳತೊಡಗಿತು. ಕೆಳದರ್ಜೆಯ ಕೆಲಸವೊಂದು ಬೀಗದ ಕೈಯನ್ನು ಹಿಡಿದು ಕುಳಿತಿರಲು, ಮಧ್ಯಮದರ್ಜೆಯವು ಅದನ್ನು ಮುಂದುವರಿಯಗೊಡದೆ, ಮೇಲ್ದರ್ಜೆಯ ಕೆಲಸವು ಬಾಗಿಲಲ್ಲೇ ಕಾಯಬೇಕಾಯಿತು. ಕೀಲಿಕೈ ಹಿಡಿದವನಿಗೆ ಕಾಯುವವನ ದರ್ಜೆಯನ್ನು ತಾತ್ಪೂರ್ತಿಕವಾಗಿ ಕೊಡುವ ಉಪಾಯವನ್ನು ಭೂಮಿಯಿಂದಲೇ ಕಳುಹಿ ಆ ದೋಷವನ್ನು ತಿದ್ದಲಾಯಿತು.

ಸಾಮಾನ್ಯರ ಮೇಜಿನ ಯಂತ್ರಕ್ಕೆ ಈ ವಿದ್ಯೆಯು ಬಂದ ದಾರಿಯು ದೀರ್ಘವಾದದ್ದು. ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲನ್ನು ಪ್ರಕಟಿಸಿದನು. ಆರಂಭದಲ್ಲಿ ಕರ್ನೆಲು ತನ್ನ ಒಳಗಿನ ಕೆಲಸದಲ್ಲಿ ತೊಡಗಿದ್ದರೆ ಉಳಿದವರು ಅದು ಮುಗಿಯುವ ತನಕ ಕಾಯಬೇಕಿತ್ತು. 2003ರ ಡಿಸೆಂಬರದಲ್ಲಿ ಹೊರಬಂದ 2.6ನೆಯ ಆವೃತ್ತಿಯು ಆ ಕೆಲಸದ ನಡುವೆಯೂ ಸರದಿ ಬದಲಿಸಲು ಅವಕಾಶವಿತ್ತಿತು. 2004ರಿಂದ ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಇನ್ನೂ ಮುಂದೆ ಹೋಗಿ, ಕರ್ನೆಲಿನ ಬೀಗಗಳನ್ನೂ ತಡೆಗಳನ್ನೂ ಒಂದೊಂದಾಗಿ ಹೊಸ ರೀತಿಯಲ್ಲಿ ಕಟ್ಟಿದರು. ಈ ಪರಿಶ್ರಮವು ಸುಮಾರು ಇಪ್ಪತ್ತು ವರ್ಷ ಹೊರಗಿನ ತೇಪೆಯಾಗಿಯೇ ಉಳಿದು, 2024ರ ಸೆಪ್ಟೆಂಬರದಲ್ಲಿ ಮುಖ್ಯ ಕರ್ನೆಲನ್ನು ಸೇರಿ, ನವೆಂಬರದ 6.12ನೆಯ ಆವೃತ್ತಿಯಲ್ಲಿ ಹೊರಬಂದಿತು.

ಹಾಗಾದರೆ ಗುಮಾಸ್ತನಿಗೆ ಬಂದ ಫಲವೇನು? ಆತನ ಯಂತ್ರವು ತಡೆದು ನಿಲ್ಲುವದಕ್ಕೆ ಕಾರಣವು ಬಹುತೇಕ ಸ್ಮೃತಿಕೋಶದ ಕೊರತೆ, ನಿಧಾನವಾದ ಡಿಸ್ಕು, ಇಲ್ಲವೆ ಒಮ್ಮೆಗೇ ತೆರೆದಿಟ್ಟ ಹತ್ತಾರು ಪುಟಗಳು. ಇವುಗಳಿಗೆ ಕಾಲನಿಷ್ಠ ಕರ್ನೆಲು ಔಷಧವಲ್ಲ. ಮೇಲಾಗಿ ವಿಶೇಷ ದರ್ಜೆಯನ್ನು ಬೇಡಿ ಪಡೆದ ಕೆಲಸಕ್ಕೆ ಮಾತ್ರ ಅದರ ಪೂರ್ಣಫಲವು. ಕನ್ನಡ ಬೆರಳಚ್ಚಿನ ತಂತ್ರಾಂಶವೂ ಲೆಕ್ಕದ ಪುಸ್ತಕವೂ ಎಂದಿನ ಸರದಿಯಲ್ಲೇ ನಿಲ್ಲುವವು. ಇದಲ್ಲದೆ ಪದೇ ಪದೇ ಸರದಿ ಬದಲಿಸುವದರಿಂದ ದಿನದ ಒಟ್ಟು ಕೆಲಸವು ಕೊಂಚ ತಗ್ಗುವದು. ಮೇಲ್ದರ್ಜೆ ಪಡೆದ ಕೆಲಸವು ಕೆಟ್ಟರೆ ಉಳಿದವುಗಳ ಕೊರಳನ್ನು ಹಿಸುಕುವ ಅಪಾಯವೂ ಉಂಟು.

ಆದರೆ ಈ ಸೀಮೆಯಲ್ಲಿಯೇ ಒಂದು ಅಪವಾದವುಂಟು. ಯಕ್ಷಗಾನದ ಭಾಗವತನು ತನ್ನ ಧ್ವನಿಯನ್ನು ಗಣಕಯಂತ್ರದ ಮೂಲಕವೇ ಕಿವಿಯಲ್ಲಿ ಕೇಳುತ್ತ ಹಾಡಿ ಮುದ್ರಿಸುವನೆನ್ನೋಣ. ಧ್ವನಿಯನ್ನು ಸೆಕೆಂಡಿಗೆ 48,000 ತುಣುಕುಗಳಾಗಿ ತೆಗೆದುಕೊಂಡು 64 ತುಣುಕುಗಳ ಕಂತಿನಲ್ಲಿ ಸಾಗಿಸಿದರೆ, ಪ್ರತಿ ಕಂತಿಗೆ ಸುಮಾರು 1.3 ಮಿಲಿಸೆಕೆಂಡಿನ ಅವಧಿ ಮಾತ್ರ. ಒಂದು ಕಂತು ತಪ್ಪಿದರೂ ಧ್ವನಿಯಲ್ಲಿ ಚಟಕ್ಕೆಂಬ ಸದ್ದೇಳುವದು; ತಡವನ್ನು ತಪ್ಪಿಸಲೆಂದು ಕಂತನ್ನು ಬಹಳ ಹಿಗ್ಗಿಸಿದರೆ ತನ್ನ ಧ್ವನಿಯೇ ತನಗೆ ಹಿಂದಾಗಿ, ಮದ್ದಳೆಯೊಡನೆ ತಾಳ ಕೂಡದು. ಇಲ್ಲಿ ಕಾಲನಿಷ್ಠೆಯು ನಿಜವಾದ ಉಪಕಾರವು. ಆದರೆ ಇಲ್ಲಿಯೂ 256 ತುಣುಕುಗಳ, ಅಂದರೆ ಸುಮಾರು 5.3 ಮಿಲಿಸೆಕೆಂಡಿನ, ಕಂತಿನಿಂದ ತೃಪ್ತರಾಗುವವರಿಗೆ ಸಾಮಾನ್ಯ ಕರ್ನೆಲಿನ ಸರದಿ ಬದಲಿಸುವ ಏರ್ಪಾಡೇ ಹೆಚ್ಚಾಗಿ ಸಾಕಾಗುವದು. ಮುದ್ರಿತವಾದ ಪ್ರಸಂಗವನ್ನು ಸುಮ್ಮನೆ ಕೇಳುವವರಿಗಂತೂ ಎರಡರಲ್ಲಿ ಭೇದವೇ ತೋರದು.

ಹಾಗೆಂದು ಆ ಇಪ್ಪತ್ತು ವರ್ಷಗಳ ದುಡಿಮೆಯು ಗುಮಾಸ್ತನಿಗೆ ವ್ಯರ್ಥವೆನ್ನಲಾಗದು. ಸೂಕ್ಷ್ಮ ಗಡಿಯಾರಗಳು, ದರ್ಜೆಯನ್ನು ಕಡ ಕೊಡುವ ಬೀಗಗಳು, ತಡೆಗಳನ್ನು ಬೇರೆ ಎಳೆಗಳಿಗೆ ಒಪ್ಪಿಸುವ ರೀತಿ, ಇವೆಲ್ಲವೂ ಆ ಪ್ರಯತ್ನದಿಂದಲೇ ಸಾಮಾನ್ಯ ಕರ್ನೆಲಿಗೂ ಇಳಿದುಬಂದಿವೆ. ಕಟ್ಟುನಿಟ್ಟಾದ ಕರ್ನೆಲನ್ನು ಆತನು ಬೇಡಬೇಕಿಲ್ಲ. ಅದರ ಪ್ರಸಾದವು ಆತನ ಮೇಜಿಗೆ ಮೊದಲೇ ಬಂದು ಮುಟ್ಟಿದೆ.