ಲಿಟಲ್‌ಬಿಗ್‌ಪ್ಲಾನೆಟ್‌ನ ವಸ್ತುಗಳು

ಲಿಟಲ್‌ಬಿಗ್‌ಪ್ಲಾನೆಟ್ ವಿಡಿಯೊ ಆಟದಲ್ಲಿ ಆಟಗಾರನು ಸಂಗ್ರಹಿಸಿ, ತಾನು ರಚಿಸುವ ಹಂತಗಳಲ್ಲಿ ಇರಿಸಬಹುದಾದ ಸಾಮಗ್ರಿಗಳನ್ನು ವಸ್ತುಗಳು ಎನ್ನುತ್ತಾರೆ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ನಗರದ ಮೀಡಿಯಾ ಮಾಲಿಕ್ಯೂಲ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಈ ಆಟವು 2008ರಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ಬಿಡುಗಡೆಯಾಯಿತು. ಇದರಲ್ಲಿ ಸಂಗ್ರಹವು ಬಹುಮಾನವೂ ಹೌದು, ರಚನೆಯ ಸಾಧನವೂ ಹೌದು.

ಸಂಗ್ರಹ

ಕಥಾಹಂತಗಳಲ್ಲಿ ಅಲ್ಲಲ್ಲಿ ಬಹುಮಾನದ ಗುಳ್ಳೆಗಳು ತೇಲುತ್ತಿರುತ್ತವೆ. ಆಟದ ನಾಯಕನಾದ ಸ್ಯಾಕ್‌ಬಾಯ್ ಅವುಗಳನ್ನು ಮುಟ್ಟಿದಾಗ ಸ್ಟಿಕ್ಕರು, ಅಲಂಕಾರ, ಉಡುಪು, ಕಚ್ಚಾಸಾಮಗ್ರಿ ಅಥವಾ ಸಿದ್ಧವಸ್ತು ದೊರೆಯುತ್ತದೆ. ಅಂಕದ ಗುಳ್ಳೆಗಳು ಇವುಗಳಿಗಿಂತ ಭಿನ್ನವಾದವು. ಒಮ್ಮೆಯೂ ಸಾಯದೆ ಹಂತವನ್ನು ಮುಗಿಸಿದವರಿಗೆ ಹೆಚ್ಚುವರಿ ವಸ್ತುಗಳು ಲಭಿಸುತ್ತವೆ. ಕೆಲವು ಗುಳ್ಳೆಗಳನ್ನು ಪಡೆಯಲು ಇಬ್ಬರಿಂದ ನಾಲ್ವರು ಆಟಗಾರರು ಜೊತೆಗೂಡಬೇಕಾಗುತ್ತದೆ. ಮತ್ತೆ ಕೆಲವು, ಗೋಡೆಯ ಮೇಲಿನ ಸ್ವಿಚ್ಚಿಗೆ ಸರಿಯಾದ ಸ್ಟಿಕ್ಕರನ್ನು ಅಂಟಿಸಿದಾಗ ಮಾತ್ರ ಹೊರಬರುತ್ತವೆ. ಆ ಸ್ಟಿಕ್ಕರು ಬೇರೊಂದು ಹಂತದಲ್ಲಿ ಇರಬಹುದಾದ್ದರಿಂದ, ಮುಗಿಸಿದ ಹಂತಕ್ಕೆ ಹಿಂದಿರುಗುವುದು ಆಟದ ಸಹಜ ಭಾಗವಾಗಿದೆ.

ಕಥೆಯು ಎಂಟು ಪ್ರದೇಶಗಳಲ್ಲಿ ಸಾಗುತ್ತದೆ. ಆಯಾ ಪ್ರದೇಶದ ವಸ್ತುಗಳು ಅಲ್ಲಿನ ಕಲಾಶೈಲಿಯನ್ನು ಅನುಸರಿಸುತ್ತವೆ. 'ದಿ ಟೆಂಪಲ್ಸ್' ಪ್ರದೇಶವು ಭಾರತದ ದೇಗುಲಗಳಿಂದ ಪ್ರೇರಿತವಾಗಿದೆ.

ಬಳಕೆ

ಸಂಗ್ರಹವಾದುದೆಲ್ಲವೂ ಪಾಪಿಟ್ ಎಂಬ ಪಟ್ಟಿಯನ್ನು ಸೇರುತ್ತದೆ. ಹಂತರಚನೆಯು ನಡೆಯುವುದು ಆಟಗಾರನ ಸ್ವಂತ ಚಂದ್ರನ ಮೇಲೆ. ಅಲ್ಲಿ ವಸ್ತುವನ್ನು ಪಾಪಿಟ್‌ನಿಂದ ಆರಿಸಿ, ತಿರುಗಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ ಇರಿಸಬಹುದು. ವಸ್ತುಗಳು ಭೌತನಿಯಮಗಳಿಗೆ ಒಳಪಟ್ಟಿವೆ: ಲೋಹವು ಭಾರವಾದದ್ದು, ಗಾಜು ಜಾರುವಂಥದ್ದು, ಸ್ಪಂಜನ್ನು ಸ್ಯಾಕ್‌ಬಾಯ್ ಹಿಡಿದು ಎಳೆಯಬಲ್ಲ. ಬೋಲ್ಟು, ದಾರ, ಪಿಸ್ಟನ್, ಸ್ವಿಚ್ಚುಗಳಿಂದ ಇವನ್ನು ಜೋಡಿಸಿ ಚಲಿಸುವ ಯಂತ್ರಗಳನ್ನು ರಚಿಸಬಹುದು. ಈ ಉಪಕರಣಗಳು ಪಾಠಗಳನ್ನು ಮುಗಿಸಿದಂತೆಲ್ಲ ಲಭ್ಯವಾಗುತ್ತವೆ. ಪಾಠಗಳಿಗೆ ಇಂಗ್ಲಿಷ್ ಆವೃತ್ತಿಯಲ್ಲಿ ಧ್ವನಿ ನೀಡಿದವರು ನಟ ಸ್ಟೀಫನ್ ಫ್ರೈ.

ಒಂದು ಹಂತದಲ್ಲಿ ಇರಿಸಬಹುದಾದ ವಸ್ತುಗಳಿಗೆ ಮಿತಿಯಿದೆ. ಪರದೆಯ ಬದಿಯ ಉಷ್ಣಮಾಪಕವು ಈ ಮಿತಿಯನ್ನು ಸೂಚಿಸುತ್ತದೆ. ಅದು ತುಂಬಿದರೆ ಹೊಸದನ್ನು ಸೇರಿಸಲು ಹಳೆಯದನ್ನು ತೆಗೆಯಬೇಕು. ಹೀಗಾಗಿ ಸಂಗ್ರಹ ಎಷ್ಟೇ ದೊಡ್ಡದಾದರೂ ಆಯ್ಕೆಯಲ್ಲಿ ಮಿತವ್ಯಯ ಅಗತ್ಯ.

ಹಂಚಿಕೆ

ಆಟಗಾರನು ತಾನು ಕಟ್ಟಿದ ವಸ್ತುವನ್ನು ಪಾಪಿಟ್‌ನಲ್ಲಿ ಉಳಿಸಿಕೊಂಡು, ಬಹುಮಾನದ ಗುಳ್ಳೆಯೊಳಗಿಟ್ಟು ತನ್ನ ಹಂತದಲ್ಲಿ ಪ್ರಕಟಿಸಬಹುದಾಗಿತ್ತು. ಹಂತವನ್ನು ಆಡಿದ ಇತರರು ಅದನ್ನು ಪಡೆದು ತಮ್ಮ ರಚನೆಗಳಲ್ಲಿ ಬಳಸುತ್ತಿದ್ದರು. ಒಬ್ಬರ ಕೈಕೆಲಸ ಮತ್ತೊಬ್ಬರ ಕಚ್ಚಾಸಾಮಗ್ರಿಯಾಗುವ ಈ ಪದ್ಧತಿಯು ಆಟದ ವೈಶಿಷ್ಟ್ಯವಾಗಿತ್ತು.

ಸರ್ವರುಗಳ ಸ್ಥಗಿತ

ಪ್ಲೇಸ್ಟೇಷನ್ 3ರ ಸರ್ವರುಗಳನ್ನು 2021ರಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ಸರಣಿಯ ಮೂರನೆಯ ಆಟದ ಪ್ಲೇಸ್ಟೇಷನ್ 4 ಸರ್ವರುಗಳ ಅನಿರ್ದಿಷ್ಟ ಸ್ಥಗಿತವನ್ನು 2024ರಲ್ಲಿ ಪ್ರಕಟಿಸಲಾಯಿತು. ಕಥಾಹಂತಗಳ ಗುಳ್ಳೆಗಳನ್ನು ಇಂದಿಗೂ ಅಂತರಜಾಲವಿಲ್ಲದೆ ಸಂಗ್ರಹಿಸಬಹುದು. ಸ್ವಂತ ಯಂತ್ರದಲ್ಲಿ ಉಳಿಸಿದ ಹಂತಗಳೂ ತೆರೆಯುತ್ತವೆ. ಆದರೆ ಅಪರಿಚಿತರು ಗುಳ್ಳೆಗಳಲ್ಲಿಟ್ಟು ಹೋದ ವಸ್ತುಗಳನ್ನು ಅಧಿಕೃತ ಸರ್ವರುಗಳ ಮೂಲಕ ಹೊಸದಾಗಿ ಪಡೆಯುವ ಮಾರ್ಗವು ಮುಚ್ಚಿದೆ.