ಕಂಡೆಮ್ ಆದ ವೆಲ್ಡಿಂಗ್ ಮೆಷಿನ್: ಸರ್ಕಾರಿ ಹರಾಜಿನ ಒಂದು ಇತಿಹಾಸ

ಈ ಕಂತಿನ ಮಾತನ್ನು ಓದೋದಕ್ಕೆ ಅನುಕೂಲ ಆಗಲಿ ಅಂತ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇವೆ.

ಮುಂಬೈಯಲ್ಲಿ ಭಂಗಾರ್ ಅಂತಾರೆ, ದೆಹಲಿಯಲ್ಲಿ ಕಬಾಡಿ, ಚೆನ್ನೈಯಲ್ಲಿ ಕಾಯಲಾನ್ ಕಡೈ. ನಮ್ಮ ಮಾತಲ್ಲಿ ಗುಜರಿ. ಊರು ಯಾವುದಾದರೂ ಆ ಬೀದಿಗಳ ರೂಪ ಒಂದೇ. ಕುರ್ಲಾ, ಪುಣೆಯ ಜೂನಾ ಬಜಾರ್, ದೆಹಲಿಯ ಮಾಯಾಪುರಿ, ಇಂಥ ಕಡೆ ಓಡಾಡಿದವರು ಒಂದು ವಸ್ತುವನ್ನು ನೋಡಿಯೇ ಇರ್ತೀರಿ: ಗಾಲಿ ಇರುವ ಕಬ್ಬಿಣದ ಪೆಟ್ಟಿಗೆ, ಮೇಲೊಂದು ಹ್ಯಾಂಡಲ್, ಮುಂದೆ ಎರಡು ದಪ್ಪ ಟರ್ಮಿನಲ್, ಮೈಮೇಲೆ ಬಣ್ಣದಲ್ಲಿ ಬರೆದ ಲಾಟ್ ನಂಬರ್. ಅದು ಸರ್ಕಾರಿ ಹರಾಜಿನಿಂದ ಬಂದ ಹಳೇ ವೆಲ್ಡಿಂಗ್ ಮೆಷಿನ್.

ಇವತ್ತಿನ ಪ್ರಶ್ನೆ ಇಷ್ಟೇ. ಸರ್ಕಾರಕ್ಕೆ ಬೇಡವಾದ ಯಂತ್ರ ಯಾರ ಕೈ ಸೇರುತ್ತೆ? ಕೆಲಸಕ್ಕೆ ಹಚ್ಚುವವನ ಕೈಯೋ, ಒಡೆದು ತಾಮ್ರ ತೆಗೆಯುವವನ ಕೈಯೋ? ಸಣ್ಣ ಪ್ರಶ್ನೆ ಥರ ಕಾಣುತ್ತೆ. ಆದರೆ ಕಿಟಕಿ ಗ್ರಿಲ್, ಗೇಟು, ಟ್ರೇಲರ್ ಮಾಡುವ ಸಾವಿರಾರು ಚಿಕ್ಕ ಶೆಡ್‌ಗಳ ಬಂಡವಾಳದ ಪ್ರಶ್ನೆ ಅದು.

ಯುದ್ಧ ಬೆಳೆಸಿದ ಕಸುಬು

ವಿದ್ಯುತ್ ಕಿಡಿಯಿಂದ ಲೋಹ ಬೆಸೆಯುವ ವಿದ್ಯೆಗೆ 1880ರ ದಶಕದಲ್ಲಿ ಬೆನಾರ್ಡೋಸ್ ಮತ್ತು ಓಲ್ಷೆವ್ಸ್ಕಿ ಪೇಟೆಂಟ್ ಪಡೆದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬೆರ್ಗ್ ಲೇಪನ ಇರುವ ರಾಡ್ ತಂದ. ಆದರೂ ಜನ ನಂಬಿದ್ದು ರಿವೆಟ್ಟನ್ನೇ. ನಮ್ಮ ಹೌರಾ ಸೇತುವೆ ತೆರೆದದ್ದು 1943ರಲ್ಲಿ. ಅದು ಪೂರ್ತಿ ರಿವೆಟ್ ಹೊಡೆದು ಕಟ್ಟಿದ್ದು.

ನಂಬಿಕೆ ಬದಲಾಯಿಸಿದ್ದು ಯುದ್ಧ. 1917ರಲ್ಲಿ ಅಮೆರಿಕ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಿತು. ನೋಡಿದರೆ, ಹಡಗಿನವರು ಎಂಜಿನ್‌ಗಳ ಬೀಡುಕಬ್ಬಿಣದ ಸಿಲಿಂಡರ್ ಒಡೆದು ಹಾಕಿದ್ದರು. ಹೊಸದು ಎರಕ ಹೊಯ್ಯಲು ತಿಂಗಳುಗಟ್ಟಲೆ ಬೇಕು. ವೆಲ್ಡರ್‌ಗಳು ಬೆಸುಗೆ ಹಾಕಿ ಆ ಹಡಗುಗಳನ್ನು ಮತ್ತೆ ನೀರಿಗಿಳಿಸಿದರು. ಎರಡನೇ ಮಹಾಯುದ್ಧದಲ್ಲಿ ಇದೇ ವಿದ್ಯೆ ಕಾರ್ಖಾನೆಯ ಮಟ್ಟಕ್ಕೆ ಹೋಯಿತು. 1941ರಿಂದ 1945ರವರೆಗೆ ಅಮೆರಿಕದ ಯಾರ್ಡ್‌ಗಳು 2,700ಕ್ಕೂ ಹೆಚ್ಚು ಲಿಬರ್ಟಿ ಹಡಗು ಕಟ್ಟಿದವು. ಹೆಚ್ಚಿನ ಭಾಗ ಬೆಸುಗೆ. 1942ರ ನವೆಂಬರಿನಲ್ಲಿ 'ರಾಬರ್ಟ್ ಇ. ಪಿಯರಿ' ಎಂಬ ಹಡಗನ್ನು ಐದು ದಿನದೊಳಗೆ ಜೋಡಿಸಿ ನೀರಿಗೆ ಬಿಟ್ಟರು.

ಇಷ್ಟು ಬೆಸುಗೆ ಹಾಕಬೇಕಾದರೆ ಎಷ್ಟು ಮೆಷಿನ್ ಬೇಕು, ಯೋಚನೆ ಮಾಡಿ. ಆ ಕಾಲದ ಮೆಷಿನ್ ಬಹುಪಾಲು ಮೋಟಾರ್-ಜನರೇಟರ್ ಸೆಟ್. ಒಂದು ಕಡೆ ಮೋಟಾರು ಅಥವಾ ಪೆಟ್ರೋಲ್, ಡೀಸೆಲ್ ಎಂಜಿನ್. ಅದು ತಿರುಗಿಸುವ ಡಿಸಿ ಜನರೇಟರ್ ಕಿಡಿಗೆ ಬೇಕಾದ ಕಡಿಮೆ ವೋಲ್ಟೇಜು, ಹೆಚ್ಚು ಆಂಪಿಯರ್ ಕೊಡುತ್ತೆ. ಭಾರ, ಗಟ್ಟಿ, ಬ್ರಷ್ ಬದಲಾಯಿಸುತ್ತಾ ಹೋದರೆ ದಶಕಗಟ್ಟಲೆ ಬಾಳುವ ವಸ್ತು. ಅಂದರೆ ಯುದ್ಧ ಮುಗಿದರೂ ಮೆಷಿನ್ ಮುಗಿಯೋದಿಲ್ಲ.

ಡಿಸ್ಪೋಸಲ್ ಎಂಬ ಪದ

ಯುದ್ಧ ಇನ್ನೂ ನಡೀತಿರುವಾಗಲೇ, 1944ರ ಅಕ್ಟೋಬರಿನಲ್ಲಿ ಅಮೆರಿಕ ಸರ್‌ಪ್ಲಸ್ ಪ್ರಾಪರ್ಟಿ ಕಾಯ್ದೆ ಮಾಡಿತು. 1946ರಲ್ಲಿ ಮಾರಾಟಕ್ಕೆಂದೇ ವಾರ್ ಅಸೆಟ್ಸ್ ಅಡ್ಮಿನಿಸ್ಟ್ರೇಷನ್ ಬಂತು. ಕಾರ್ಖಾನೆ, ಲೇತು, ಟ್ರಕ್ಕು, ವೆಲ್ಡಿಂಗ್ ಸೆಟ್, ಎಲ್ಲವೂ ಪಟ್ಟಿಯಲ್ಲಿ. ಯುದ್ಧದಿಂದ ಮರಳಿದ ಸೈನಿಕರಿಗೆ ಖರೀದಿಯಲ್ಲಿ ಆದ್ಯತೆ. ಸೇನೆಯಲ್ಲೋ ಯಾರ್ಡಿನಲ್ಲೋ ಬೆಸುಗೆ ಕಲಿತವನು ಸರ್ಕಾರದ ಮೆಷಿನ್ ಕೊಂಡು ತನ್ನ ಶೆಡ್ ಹಾಕಿಕೊಳ್ಳಲು ದಾರಿ ಆಯಿತು. 1949ರಲ್ಲಿ ಈ ಕೆಲಸ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಕೈಗೆ ಹೋಯಿತು. ಅಲ್ಲಿನ ಸರ್ಕಾರಿ ಹರಾಜು ಇವತ್ತಿಗೂ ಅವರದ್ದೇ.

ಎಲ್ಲ ಕಡೆ ಹೀಗೆ ನಡೆಯಲಿಲ್ಲ. ಪೆಸಿಫಿಕ್‌ನ ಎಸ್ಪಿರಿಟು ಸಾಂಟೋ ದ್ವೀಪದಲ್ಲಿ ಅಮೆರಿಕನ್ನರು ಉಳಿದ ಸಾಮಾನನ್ನು ಅಲ್ಲಿನ ಬ್ರಿಟಿಷ್-ಫ್ರೆಂಚ್ ಆಡಳಿತಕ್ಕೆ ಅಗ್ಗಕ್ಕೆ ಕೊಡ್ತೀವಿ ಅಂದರು. ಹೇಗೂ ಬಿಟ್ಟು ಹೋಗ್ತಾರೆ ಅಂತ ಆಡಳಿತ ಸುಮ್ಮನೆ ಕೂತಿತು. ಅಮೆರಿಕನ್ನರು ಟ್ರಕ್ಕು, ಬುಲ್ಡೋಜರ್ ಎಲ್ಲವನ್ನೂ ಸಮುದ್ರಕ್ಕೆ ತಳ್ಳಿದರು. ಆ ಜಾಗಕ್ಕೆ ಈಗ ಮಿಲಿಯನ್ ಡಾಲರ್ ಪಾಯಿಂಟ್ ಅಂತಲೇ ಹೆಸರು.

ಭಾರತದಲ್ಲಿ ಬುದ್ಧಿವಂತಿಕೆ ನಡೆಯಿತು. 1946ರ ಮೇ 16ರಂದು ಎರಡೂ ಸರ್ಕಾರಗಳು ಲೆಂಡ್-ಲೀಸ್ ಲೆಕ್ಕ ಮತ್ತು ಉಳಿದ ಯುದ್ಧ ಸಾಮಗ್ರಿ ಬಗ್ಗೆ ಒಪ್ಪಂದಕ್ಕೆ ಬಂದವು. ಅಮೆರಿಕನ್ನರು ಇಲ್ಲಿ ಬಿಟ್ಟ ಸಾಮಾನು ಭಾರತ ಸರ್ಕಾರದ ಕೈಗೆ ಬಂತು. ಮಾರುವ ಇಲಾಖೆಯ ಹೆಸರಲ್ಲೇ ಡಿಸ್ಪೋಸಲ್ಸ್ ಇತ್ತು. ಡಿಸ್ಪೋಸಲ್ ಜೀಪು, ಡಿಸ್ಪೋಸಲ್ ಟ್ರಕ್ಕು ಅಂತ ಹಿರಿಯರು ಹೇಳ್ತಿದ್ದದ್ದು ಇದರಿಂದಲೇ.

ಇನ್ನೊಂದು ಸ್ವಾರಸ್ಯ. 1946ರ ಆಗಸ್ಟಿನಲ್ಲಿ ಬಂದ ಫುಲ್‌ಬ್ರೈಟ್ ಕಾಯ್ದೆ ಇದೇ 1944ರ ಸರ್‌ಪ್ಲಸ್ ಕಾಯ್ದೆಗೆ ಮಾಡಿದ ತಿದ್ದುಪಡಿ. ಹೊರದೇಶಗಳಲ್ಲಿ ಹಳೇ ಸಾಮಾನು ಮಾರಿ ಬಂದ ಹಣದಲ್ಲಿ ವಿದ್ಯಾರ್ಥಿವೇತನ ಕೊಡೋದು ಅದರ ಉದ್ದೇಶ. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿದ್ದು 1950ರ ಫೆಬ್ರುವರಿ 2ರಂದು.

ಬೆಂಗಳೂರಿನ ಕೈಚಳಕ

ಗುಜರಿ ಅಂದುಕೊಂಡದ್ದು ಗುಜರಿ ಆಗಿರಬೇಕಿಲ್ಲ. ಇದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧಕಾಲದಲ್ಲಿ ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಲಿಬರೇಟರ್ ಬಾಂಬರ್‌ಗಳ ಸಾಲು ಬಿದ್ದಿತ್ತು. ಮತ್ತೆ ಹಾರಬಾರದು ಅಂತ ಬೇಕೆಂದೇ ಕೆಡಿಸಿ ಬಿಟ್ಟಿದ್ದರು. ಎಚ್‌ಎಎಲ್‌ನವರು 1948ರಲ್ಲಿ ಅಲ್ಲಿಗೆ ಹೋಗಿ, ಹಾರುವಷ್ಟಕ್ಕೆ ಸರಿಮಾಡಿ, ಒಂದೊಂದಾಗಿ ಸುಮಾರು ನಲವತ್ತು ವಿಮಾನಗಳನ್ನು ಬೆಂಗಳೂರಿಗೆ ತಂದರು. ಹಾರಿಸಿ ತಂದವರು ಪೈಲಟ್ ಜಮ್‌ಶೆಡ್ ಮುನ್ಷಿ. ಇಲ್ಲಿ ಪೂರ್ತಿ ದುರಸ್ತಿಯಾದ ಆ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿದ್ದವು.

ವೆಲ್ಡಿಂಗ್ ಸೆಟ್‌ಗೆ ಇಷ್ಟು ದೊಡ್ಡ ಕಥೆ ಇಲ್ಲ, ಆದರೆ ತೊಡಕು ಅದಕ್ಕೂ ಇತ್ತು. ಅಮೆರಿಕದ ವಿದ್ಯುತ್ 60 ಸೈಕಲ್, ನಮ್ಮದು 50. ಅಲ್ಲಿನ ಮೋಟಾರನ್ನು ಇಲ್ಲಿನ ಲೈನಿಗೆ ಕೊಟ್ಟರೆ ವೇಗ ಆರನೇ ಒಂದು ಭಾಗ ಇಳಿಯುತ್ತೆ, ವೋಲ್ಟೇಜು ಇಳಿಸದಿದ್ದರೆ ಬಿಸಿಯೂ ಏರುತ್ತೆ. ಅದಕ್ಕೇ ಎಂಜಿನ್ ಇರುವ ಸೆಟ್‌ಗೆ ಹೆಚ್ಚು ಬೆಲೆ. ಅದಕ್ಕೆ ಲೈನೇ ಬೇಡ, ಕರೆಂಟ್ ಇಲ್ಲದ ಊರಲ್ಲೂ ನಡೆಯುತ್ತೆ. ಮೋಟಾರ್ ಸೆಟ್ ಕೊಂಡವನು ಮೋಟಾರನ್ನು ಮತ್ತೆ ಸುತ್ತಿಸಿಕೊಳ್ಳಬೇಕು, ಇಲ್ಲ ಜನರೇಟರ್ ಬಿಚ್ಚಿ ಎಂಜಿನ್‌ಗೆ ಜೋಡಿಸಬೇಕು.

ಲೈಸೆನ್ಸ್ ಕಾಲದ ಬಂಡವಾಳ

ಸ್ವಾತಂತ್ರ್ಯದ ಮೇಲೆ ಬೆಸುಗೆಯ ಬೇಡಿಕೆ ಏರಿತು. 1951ರಲ್ಲಿ ಸ್ವಿಸ್ ಕಂಪನಿಯ ಜೊತೆ ಸೇರಿ ಮುಂಬೈಯಲ್ಲಿ ಅಡ್ವಾಣಿ-ಓರ್ಲಿಕಾನ್ ಬಂತು. 1955ರ ಅಕ್ಟೋಬರ್ 2ರಂದು ನೆಹರೂ ಚೆನ್ನೈನ ಪೆರಂಬೂರಿನಲ್ಲಿ ರೈಲು ಬೋಗಿ ಕಾರ್ಖಾನೆ ಉದ್ಘಾಟಿಸಿದರು. ಅಲ್ಲಿ ಮಾಡಿದ್ದು ಬೆಸುಗೆಯ ಉಕ್ಕಿನ ಬೋಗಿ. 1964ರಲ್ಲಿ ಬೆಂಗಳೂರಿನಲ್ಲಿ ಬಿಇಎಂಎಲ್. ರೈಲ್ವೆ, ಬಂದರು, ಅಣೆಕಟ್ಟು, ಎಲ್ಲರಿಗೂ ವೆಲ್ಡಿಂಗ್ ಮೆಷಿನ್ ಬೇಕು.

ಆದರೆ 1950ರ ದಶಕದ ಕೊನೆಗೆ ವಿದೇಶಿ ವಿನಿಮಯ ಬತ್ತಿತು, ಆಮದು ಲೈಸೆನ್ಸ್ ಬಿಗಿಯಾಯಿತು. ದೊಡ್ಡ ಸಂಸ್ಥೆಗೆ ಲೈಸೆನ್ಸ್ ಸಿಗಬಹುದು. ತಾನು ದುಡಿಯುತ್ತಿದ್ದ ಕಾರ್ಖಾನೆ ಬಿಟ್ಟು ಸ್ವಂತ ಶೆಡ್ ಹಾಕುವ ವೆಲ್ಡರ್‌ಗೆ ಎಲ್ಲಿಂದ? ಅವನಿಗಿದ್ದ ಹತ್ತಿರದ ದಾರಿ ಎಂದರೆ ಸರ್ಕಾರಿ ವರ್ಕ್‌ಶಾಪಿನ ಹರಾಜು. ಯಾರೂ ಇದನ್ನು ಸಣ್ಣ ಕೈಗಾರಿಕೆಗೆ ಸಹಾಯ ಅಂತ ಯೋಜನೆ ಮಾಡಿರಲಿಲ್ಲ. ಗೋದಾಮು ಖಾಲಿ ಮಾಡಲು ಮಾಡಿದ ವ್ಯವಸ್ಥೆ, ಕೆಲವರ ಪಾಲಿಗೆ ಮೊದಲ ಬಂಡವಾಳ ಆಯಿತು.

ಸುತ್ತಿಗೆ ಬೀಳುವ ಮುನ್ನ

ಹರಾಜಿನ ಕಾನೂನು ಚಿಕ್ಕದು, ಚೊಕ್ಕ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು: ಸುತ್ತಿಗೆ ಬಿದ್ದರೆ ಮಾರಾಟ ಮುಗಿಯಿತು, ಅಲ್ಲಿಯವರೆಗೆ ಕೂಗಿದವನು ಹಿಂದೆ ಸರಿಯಬಹುದು. ಸರ್ಕಾರದ ಷರತ್ತು ಇನ್ನೂ ಬಿಗಿ: ಇದ್ದಲ್ಲೇ, ಇದ್ದ ಹಾಗೇ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ.

2017ರ ಸಾಮಾನ್ಯ ಹಣಕಾಸು ನಿಯಮಾವಳಿಯಲ್ಲಿ ಕ್ರಮ ಹೀಗಿದೆ. ಇಲಾಖೆ ವಸ್ತುವನ್ನು ಹೆಚ್ಚುವರಿ, ಹಳತಾದದ್ದು ಅಥವಾ ಉಪಯೋಗಕ್ಕೆ ಬಾರದ್ದು ಅಂತ ಘೋಷಿಸಬೇಕು. ಪುಸ್ತಕ ಮೌಲ್ಯ, ಮಾರ್ಗದರ್ಶಿ ಬೆಲೆ, ಕನಿಷ್ಠ ಬೆಲೆ ಲೆಕ್ಕ ಹಾಕಬೇಕು. ಉಳಿದ ಮೌಲ್ಯ 2 ಲಕ್ಷ ರೂಪಾಯಿ ದಾಟಿದರೆ ಟೆಂಡರ್ ಅಥವಾ ಬಹಿರಂಗ ಹರಾಜು. ಗೆದ್ದವನಿಂದ ಸ್ಥಳದಲ್ಲೇ ಕನಿಷ್ಠ ಶೇ. 25 ಮುಂಗಡ. ಪೂರ್ತಿ ಹಣ ಕಟ್ಟಿದ ಮೇಲೆಯೇ ಮಾಲು.

ಹಾಗಾಗಿ ಕೊಳ್ಳುವವನ ಜಾಣತನವೆಲ್ಲ ನೋಡಲು ಬಿಡುವ ದಿನಗಳಲ್ಲಿ. ಹಳೇ ಕೈಗಳು ಮೊದಲು ಮೂಸಿ ನೋಡ್ತಾರೆ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಒಳಗಿನ ಸುತ್ತು ಹೋಗಿದೆ ಅಂತ. ಆಮೇಲೆ ಕಮ್ಯುಟೇಟರ್ ಸವೆತ, ಬ್ರಷ್, ಬೇರಿಂಗ್. ರೆಕ್ಟಿಫೈಯರ್ ಸೆಟ್ ಆದರೆ ಒಳಗೆ ಡಯೋಡು, ಫ್ಯಾನು ಇದೆಯೋ, ಮೊದಲೇ ಯಾರೋ ಬಿಚ್ಚಿಕೊಂಡಿದ್ದಾರೋ. ಮೆಗ್ಗರ್ ಹಚ್ಚಲು ಬಿಟ್ಟರೆ ಅದೃಷ್ಟ.

ಮತ್ತೊಂದು ತೊಂದರೆ ಕೂಟ ಕಟ್ಟೋದು. ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡು ಒಬ್ಬನೇ ಕೂಗೋದು, ಆಮೇಲೆ ಹೊರಗೆ ತಮ್ಮತಮ್ಮಲ್ಲೇ ಹಂಚಿಕೊಳ್ಳೋದು. ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಬ್ರಿಟನ್ 1927ರಲ್ಲೇ ಇದರ ವಿರುದ್ಧ ಕಾಯ್ದೆ ಮಾಡಿತ್ತು. ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು ಇದನ್ನು ನಿಷೇಧಿಸುತ್ತೆ.

ತಾಮ್ರದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಹಳೇ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್‌ಗೆ ಎರಡು ಬೆಲೆ ಇರುತ್ತೆ. ಗುಜರಿಯವನು ತೂಕದಲ್ಲಿ ನೋಡ್ತಾನೆ: ಎಷ್ಟು ಕಿಲೋ ತಾಮ್ರ, ಎಷ್ಟು ಉಕ್ಕಿನ ಪಟ್ಟಿ. ಶೆಡ್‌ನವನು ಕೆಲಸದಲ್ಲಿ ನೋಡ್ತಾನೆ: ದಿನಕ್ಕೆ ಎಷ್ಟು ರಾಡ್ ಉರಿಸಬಹುದು. ನಡೆಯುವ ಮೆಷಿನ್‌ಗೆ ಎರಡನೇ ಬೆಲೆಯೇ ದೊಡ್ಡದು. ಆದರೆ ಅದು ನಡೆಯುತ್ತೋ ಇಲ್ಲವೋ ಗೊತ್ತಿಲ್ಲದಾಗ, ಶೆಡ್‌ನವನು ಅಪಾಯಕ್ಕೆ ಹೆದರಿ ಬೆಲೆ ಇಳಿಸ್ತಾನೆ. ಗುಜರಿಯವನಿಗೆ ಆ ಭಯ ಇಲ್ಲ. ಕೆಟ್ಟ ಮೆಷಿನ್ನಲ್ಲೂ ತಾಮ್ರ ಅಷ್ಟೇ ಇರುತ್ತೆ. ತಾಮ್ರ ತುಟ್ಟಿಯಾದಷ್ಟೂ ಒಳ್ಳೇ ಮೆಷಿನ್‌ಗಳು ಒಡೆತಕ್ಕೆ ಹೋಗ್ತವೆ. ವಿಚಿತ್ರ ನೋಡಿ: ತಾಮ್ರದ ಕೊರತೆ ಇದ್ದ ಕಾಲದಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿದ ಬಡ ಮೆಷಿನ್ ಒಡೆಯುವವನ ಕಣ್ಣಿಂದ ತಪ್ಪಿಸಿಕೊಳ್ಳುತ್ತೆ.

ಅಂದರೆ ಮೆಷಿನ್ನಿನ ಹಣೆಬರಹ ಬರೆಯೋದು ಪಟ್ಟಿಯ ಒಂದು ಪದ. 'ಚಾಲನೆಯಲ್ಲಿದೆ, ಪರೀಕ್ಷಿಸಿದೆ' ಅಂತ ಬರೆದರೆ ಶೆಡ್‌ನವನು ಗೆಲ್ತಾನೆ, ಸರ್ಕಾರಕ್ಕೂ ಹೆಚ್ಚು ದುಡ್ಡು. ಎಲ್ಲದಕ್ಕೂ 'ಸ್ಕ್ರ್ಯಾಪ್' ಅಂತ ಬರೆದರೆ ತೂಕದ ಬೆಲೆಯೇ ಗತಿ.

ಪಟ್ಟಿ ಮಾಡುವವರ ಉದಾಸೀನ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ 2010ರ ಮಾಯಾಪುರಿ ನೆನಪಿದೆಯಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಇರುವ ಉಪಕರಣ ಹರಾಜಿನಲ್ಲಿ ಗುಜರಿಗೆ ಹೋಯಿತು. ಒಳಗೇನಿದೆ ಅಂತ ತಿಳಿಯದ ಕೆಲಸಗಾರರು ಅದನ್ನು ಒಡೆದರು. ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ವೆಲ್ಡಿಂಗ್ ಮೆಷಿನ್ ಹಾಗೆ ಜೀವ ತೆಗೆಯೋದಿಲ್ಲ, ನಿಜ. ಆದರೆ ಏನು ಮಾರುತ್ತಿದ್ದೇವೆ ಅಂತ ಮಾರುವವನಿಗೇ ಗೊತ್ತಿರಬೇಕು ಅನ್ನುವ ಪಾಠ ಎರಡಕ್ಕೂ ಒಂದೇ.

ಸುತ್ತಿಗೆಯಿಂದ ಪರದೆಗೆ

ಈಗ ಅಂಗಳದ ಕೂಗು ಕಡಿಮೆ. 1964ರಲ್ಲಿ ಸ್ಕ್ರ್ಯಾಪ್ ವ್ಯಾಪಾರಕ್ಕೆಂದು ಶುರುವಾದ ಕೋಲ್ಕತ್ತದ ಎಂಎಸ್‌ಟಿಸಿ ಇಂದು ಇ-ಹರಾಜು ನಡೆಸುತ್ತೆ. ರೈಲ್ವೆಗೆ ತನ್ನದೇ ತಾಣ. ಡಿಸ್ಪೋಸಲ್ಸ್ ಹೆಸರು ಹೊತ್ತ ಹಳೇ ಮಹಾನಿರ್ದೇಶನಾಲಯ 2017ರ ಅಕ್ಟೋಬರ್ 31ಕ್ಕೆ ಮುಚ್ಚಿತು.

ಇ-ಹರಾಜು ಒಳ್ಳೇದೇ. ಕೂಟ ಕಟ್ಟೋದು ಕಷ್ಟ, ಪುಣೆಯಲ್ಲಿ ಕೂತು ವಿಶಾಖಪಟ್ಟಣದ ಪಟ್ಟಿ ನೋಡಬಹುದು. ಆದರೆ ಹತ್ತು ಮೆಷಿನ್, ಕೇಬಲ್ ಚೂರು, ಹಳೇ ಡ್ರಮ್ಮು ಎಲ್ಲ ಸೇರಿಸಿ ಒಂದೇ ಲಾಟ್ ಮಾಡಿದರೆ, ಒಂದೇ ಮೆಷಿನ್ ಬೇಕಾದವನು ಹೊರಗೇ ಉಳೀತಾನೆ. ನೋಡಲು ವಿಶಾಖಪಟ್ಟಣಕ್ಕೆ ಹೋಗಿ ಬರುವ ಖರ್ಚೂ ಅವನ ಲೆಕ್ಕಕ್ಕೆ ಸರಿಹೋಗಲ್ಲ.

ಪರಿಹಾರಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಡೆಯುವ ಮೆಷಿನ್‌ಗಳನ್ನು ಗುಜರಿಯಿಂದ ಬೇರೆ ಮಾಡಿ, ಒಂದೊಂದೇ ಲಾಟ್ ಇಡಿ. ಹತ್ತಿರದ ಐಟಿಐ ಹುಡುಗರನ್ನು ಕರೆದು ಒಂದು ರಾಡ್ ಉರಿಸಿ ನೋಡಿಸಿ, ಫಲಿತಾಂಶ ಪಟ್ಟಿಯಲ್ಲಿ ಬರೆಯಿರಿ. 1946ರಲ್ಲಿ ಯುದ್ಧದ ಸಾಮಾನನ್ನು ಸಮುದ್ರಕ್ಕೆ ಹೋಗಗೊಡದೆ ಉಳಿಸಿಕೊಂಡ ದೇಶ ನಮ್ಮದು. ಬೆಸೆಯಬಲ್ಲ ಮೆಷಿನ್ನನ್ನು ಕುಲುಮೆಗೆ ಹಾಕೋದು ಅದಕ್ಕಿಂತ ಬೇರೆ ಏನಲ್ಲ.

ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಡಿಸ್ಪೋಸಲ್ ಮೆಷಿನ್ನಿನಿಂದ ಶೆಡ್ ಶುರು ಮಾಡಿದ ಹಿರಿಯರಿದ್ದರೆ, ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಿಡಿ. ಲಾಟ್ ನಂಬರ್ ಬಣ್ಣ ಬೇಗ ಅಳಿಸಿ ಹೋಗುತ್ತೆ.